ಎಡ ಬಲ ಗೊತ್ತಿಲ್ಲದವರು

ಆ ಧ್ವನಿಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿ ಹಾಕಬಹುದಿತ್ತು, ಹಾಕಿಲ್ಲ. ಸಿಟ್ಟು ನೆತ್ತಿಗೇರಿದಾಗ ನನ್ನ ಬಾಯಿ ಎಂಥದ್ದು ಎಂಬುದು ನನಗೇ ಮರೆತುಹೋಗುವುದುಂಟು. ಹಾಗೆ ಮರೆತಾಗ ಒಮ್ಮೆ ಕಿವಿಗಿಟ್ಟು ಕೇಳುತ್ತೇನೆ.

"ಎಡಾ ಬಲಾ ಗೊತ್ತಿಲ್ಲದ ಹುಡುಗೀನ್ನ ನಡುವ ನಿಲ್ಲಿಸಿ ಆಟಾ ಆಡಸ್ತಾರೇನ್ರೀ? ಮೊದ್ಲ ಮನ್ಯಾಗ ಕಲಸ್ರಿ, ಆಮ್ಯಾಲ ಮೈದಾನಕ್ಕ ಕಳಸ್ರಿ!"

ನಾನು ಸಿಂಗಪುರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ನಾಲ್ಕು ಜನ ಕನ್ನಡದವರು ಸೇರಿದಲ್ಲಿ ಬೆಂಗಳೂರಿನವರ ಹಾಗೆ "ಹೋಗ್ತೀನಿ, ಬರ್ತೀನಿ" ಎಂದು ನಯವಾಗಿ ಮಾತಾಡುವುದನ್ನು ಕಲಿತಿದ್ದೇನೆ. ಆದರೆ ಸಿಟ್ಟು ಬಂತೆಂದರೆ ಗದಗ ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಅವತ್ತೂ ಬಂತು. ಕೇಳಬೇಕಾದವಳು ಕೇಳಿದಳು ಎನ್ನುವುದಕ್ಕೆ ಫೋನಿನಲ್ಲಿ ನೀಲಿ ಗುರುತು ಬಿತ್ತು.

ಕೇಳಿದವಳು ನನ್ನ ಗೆಳತಿ, ಉಡುಪಿ ಕಡೆಯವಳು. ಬುಕಿತ್ ಬಾಟೋಕಿನಲ್ಲಿ ನಮ್ಮದು ಒಂದೇ ಬ್ಲಾಕು. ಅವಳು ನಾಲ್ಕನೇ ಮಹಡಿ, ನಾನು ಒಂಬತ್ತು. ನನ್ನ ಮಗಳಿಗೆ ಚಿಕನ್ ಪಾಕ್ಸ್ ಆದಾಗ ದಿನಾ ಗಂಜಿ ಮಾಡಿ ತಂದು ಬಾಗಿಲ ಹೊರಗಿಟ್ಟು ಹೋದವಳು ಅವಳು. ಅವಳ ಮಗಳನ್ನು ಕಿಂಡರ್‌ಗಾರ್ಟನ್‌ನಿಂದ ಕೈಹಿಡಿದು ಕರೆದುಕೊಂಡು ಬರುತ್ತಿದ್ದವಳು ನಾನು. ಆ ಹುಡುಗಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಚಿಕ್ಕವಳು ಎಂದೇ ಕರೆಯುತ್ತೇವೆ. ನನ್ನ ಮಗಳಿಗಿಂತ ಎರಡು ವರ್ಷ ಸಣ್ಣವಳು. "ಅಕ್ಕ ಅಕ್ಕ" ಎಂದು ನನ್ನ ಮಗಳ ಬೆನ್ನುಬಿದ್ದೇ ಬೆಳೆದಳು. ಅಕ್ಕ ಸೇರಿದ ಕಾಲೇಜಿಗೇ ಸೇರಿದಳು, ಅಕ್ಕ ಆಡುವ ಆಟಕ್ಕೇ ಬಂದಳು.

ಆಟವೆಂದರೆ ಫುಟ್‌ಬಾಲ್. ಕಾಲಲ್ಲಿ ಒದೆಯುವುದಲ್ಲ, ಅಮೆರಿಕದವರದ್ದು, ಕೈಯಲ್ಲಿ ಎಸೆಯುವುದು. ಅದರಲ್ಲೂ ಮೈಮೇಲೆ ಬಿದ್ದು ಕೆಡವದ ಬಗೆ. ಆ ಕಡೆ ಐವರು, ಈ ಕಡೆ ಐವರು ಹುಡುಗಿಯರು. ಎಲ್ಲರ ಸೊಂಟಕ್ಕೂ ಬಣ್ಣದ ಪಟ್ಟಿ ಸಿಕ್ಕಿಸಿರುತ್ತದೆ. ಚೆಂಡು ಹಿಡಿದವಳ ಪಟ್ಟಿ ಕಿತ್ತುಕೊಂಡರೆ ಅವಳ ಓಟ ಅಲ್ಲಿಗೆ ಮುಗಿಯಿತು. ಚೆಂಡು ಮೊದಲು ಬರುವುದು ಒಬ್ಬಳ ಕೈಗೆ. ಯಾರು ಎತ್ತ ಓಡಬೇಕು, ಯಾರಿಗೆ ಎಸೆಯಬೇಕು ಎಂದು ಉಸಿರು ಬಿಡುವಷ್ಟರಲ್ಲಿ ತೀರ್ಮಾನ ಮಾಡುವವಳು ಅವಳು. ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಹಿರಿಸೊಸೆ ಎಂದುಕೊಳ್ಳಿ.

ನನ್ನ ಮಗಳು ಮೊದಲ ವರ್ಷವಿಡೀ ಬೆಂಚಿನ ಮೇಲೆ ಕೂತಿದ್ದಳು. ಎರಡನೇ ವರ್ಷ ಆ ಜಾಗ ಸಿಕ್ಕಿತು, ಆಮೇಲೆ ಬಿಟ್ಟುಕೊಡಲಿಲ್ಲ. ಎದುರಾಳಿಗಳಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ಕೂಗುವುದನ್ನು ಶುರು ಮಾಡಿದವಳೂ ಅವಳೇ. ಎಡಕ್ಕೆ ಓಡಬೇಕಾದರೆ "ಎಡ", ಬಲಕ್ಕಾದರೆ "ಬಲ". ತಂಡದ ಚೀನೀ ಹುಡುಗಿಯರು, ಮಲಯ್ ಹುಡುಗಿಯರು ಎಲ್ಲರೂ ಕಲಿತರು. ಇಲ್ಲಿಯ ರೂಢಿಯಂತೆ ಕೊನೆಗೊಂದು 'ಲಾ' ಹಚ್ಚಿ "ಬಾಲಾ, ಬಾಲಾ ಲಾ!" ಎಂದು ಅವರು ಕೂಗುವುದನ್ನು ಕೇಳಿ ನಾವು ಚಾಪೆಯ ಮೇಲೆ ಬಿದ್ದು ನಗುತ್ತಿದ್ದೆವು. ಮೈದಾನದ ಅಂಚಿನಲ್ಲಿ ಚಾಪೆ ಹಾಸಿಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚುವ ಕನ್ನಡದ ಕುಟುಂಬಗಳು ನಾಲ್ಕೈದಿದ್ದವು. ಇಡೀ ಲೀಗಿನಲ್ಲಿ ನಮ್ಮಷ್ಟು ಗದ್ದಲ ಮಾಡುವವರು ಇನ್ನೊಬ್ಬರಿರಲಿಲ್ಲ.

ಆ ವರ್ಷ ಚಿಕ್ಕವಳೂ ಕ್ವಾರ್ಟರ್‌ಬ್ಯಾಕ್ ಆಗಿಯೇ ತಯಾರಾಗುತ್ತಿದ್ದಳು, ನನ್ನ ಮಗಳ ಹಿಂದಿನ ಸಾಲಿನಲ್ಲಿ. ನಿಜ ಹೇಳಬೇಕು, ಅವಳ ತೋಳು ತೋಳೇ. ನನ್ನ ಮಗಳ ಎಸೆತ ಸೂಜಿಗೆ ದಾರ ಪೋಣಿಸಿದಷ್ಟು ಕರಾರುವಾಕ್ಕು, ಆದರೆ ಹತ್ತಿರದ್ದು. ಚಿಕ್ಕವಳು ಎಸೆದರೆ ಚೆಂಡು ಮೈದಾನದ ಆ ತುದಿಗೆ ಹೋಗಿ ಬೀಳುತ್ತಿತ್ತು.

ಸೆಮಿಫೈನಲ್‌ನಲ್ಲಿ ಓಡುವ ಹುಡುಗಿಯೊಬ್ಬಳ ಪಾದ ಉಳುಕಿತು. ಬೇರೆ ಯಾರೂ ಇಲ್ಲದೆ ಕೋಚ್ ಚಿಕ್ಕವಳನ್ನು ಅವಳ ಜಾಗಕ್ಕೆ ಇಳಿಸಿದರು. ಪಂದ್ಯದಲ್ಲಿ ನನ್ನ ಮಗಳ ಕೂಗಿಗೆ ಅವಳು ಓಡಿದ್ದು ಅದೇ ಮೊದಲು. ಚೆಂಡು ನನ್ನ ಮಗಳ ಕೈಗೆ ಬಂತು, ಎದುರಾಳಿ ಹುಡುಗಿ ಮೇಲೇರಿ ಬಂದಳು, ನನ್ನ ಮಗಳು "ಬಲ!" ಎಂದು ಕಿರುಚಿ ಬಲಕ್ಕೆ ಎಸೆದಳು. ಚಿಕ್ಕವಳು ಬಲಕ್ಕೆ ಹೋಗಲೇ ಇಲ್ಲ. ಗಕ್ಕನೆ ತಿರುಗಿ ನೆಟ್ಟಗೆ ನನ್ನ ಮಗಳ ಕಡೆಗೇ ಓಡಿ ಬಂದಳು. ಬಲಗಡೆ ಯಾರೂ ಇರಲಿಲ್ಲ. ಎದುರಾಳಿಯೊಬ್ಬಳು ಚೆಂಡನ್ನು ಬಾಚಿಕೊಂಡು ಓಡಿ, ನಮ್ಮ ತುದಿಯ ಗೆರೆ ದಾಟಿ ಅಂಕ ಗಿಟ್ಟಿಸಿಬಿಟ್ಟಳು.

ಹೇಗೋ ಏದುಸಿರು ಬಿಟ್ಟುಕೊಂಡು ಆ ಪಂದ್ಯ ಗೆದ್ದೆವು. ಆದರೆ ಕೋಚ್ ಮುಖ ಗಂಟಿಕ್ಕಿತ್ತು. ನೋಡದೆ ಎಸೆದಳೆಂದು ನನ್ನ ಮಗಳಿಗೆ ಬೈದರು, ಕೇಳದೆ ಓಡಿದಳೆಂದು ಚಿಕ್ಕವಳಿಗೆ ಬೈದರು. ಫೈನಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಯಾರು ಆಟ ಶುರು ಮಾಡುವುದೆಂದು ಭಾನುವಾರ ಮೈದಾನದಲ್ಲೇ ಹೇಳುತ್ತೇನೆ ಎಂದರು. "ಯಾಕೆ ನನ್ ಕಡೆ ಬಂದೆ?" ಎಂದು ನನ್ನ ಮಗಳು ಕೇಳಿದರೆ ಚಿಕ್ಕವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಗೊತ್ತಿಲ್ಲ ಅಕ್ಕ, ಸಾರಿ," ಎಂದಷ್ಟೇ ಹೇಳಿದಳು. ನನ್ನ ಮಗಳಿಗೆ ಅದು ಕಾಲೇಜಿನ ಕೊನೆಯ ಪಂದ್ಯ. ಮುಂದಿನ ತಿಂಗಳು ಕೆಲಸಕ್ಕೆ ಸೇರುವವಳು, ಆಮೇಲೆ ಆಟವೆಲ್ಲಿ ಬಂತು? ಆ ಒಂದು ಪಂದ್ಯ ಅವಳ ಕೈತಪ್ಪುತ್ತದೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ. ಮನೆಗೆ ಬಂದು, ಸಾರು ಕುದಿಯಲು ಇಟ್ಟು, ನಮ್ಮ ಕನ್ನಡದ ಕುಟುಂಬಗಳೆಲ್ಲ ಇರುವ ವಾಟ್ಸ್ಯಾಪ್ ಗ್ರೂಪಿಗೆ ಆ ಮಾತನ್ನು ಕಳಿಸಿದೆ.

ಮರುದಿನದಿಂದ ನಮ್ಮ ಗ್ರೂಪು ಎರಡು ಪಾಲಾಯಿತು. ತಲೆ ಪಾರ್ಟಿ, ತೋಳು ಪಾರ್ಟಿ. ನನ್ನ ಮಗಳದ್ದು ತಲೆ, ಚಿಕ್ಕವಳದ್ದು ತೋಳು. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಟೈಪ್ ಮಾಡುವವರೇನು, ಮಧ್ಯಾಹ್ನ ಆಫೀಸಿನಿಂದ ಹಳೆಯ ಪಂದ್ಯದ ವಿಡಿಯೋ ಹಾಕುವವರೇನು. ಗಣಪತಿ ಹಬ್ಬದ ಊಟಕ್ಕೆ ಎಷ್ಟು ಜನ ಬರ್ತೀರಿ ಎಂದು ಕೇಳಿದರೆ ನಾಲ್ಕು ದಿನ ಉತ್ತರ ಕೊಡದವರು ಈಗ ನಾಲ್ಕು ನಿಮಿಷಕ್ಕೊಮ್ಮೆ ಬರೆಯುತ್ತಿದ್ದರು. ಗೆಳತಿ ಮಾತ್ರ ಒಂದಕ್ಷರ ಬರೆಯಲಿಲ್ಲ.

ಗುರುವಾರ ಸಂಜೆ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಖಾಲಿ ನೆಲಮಹಡಿಯ ಕಲ್ಲುಮೇಜಿನ ಸುತ್ತ, ಎದುರುಬದುರು ಕೂತೇಬಿಟ್ಟೆವು. ತೋಳು ಪಾರ್ಟಿಯ ಮುಖಂಡರು ದಾವಣಗೆರೆ ಅಂಕಲ್. ಟಿವಿಯಲ್ಲಿ ಆಟ ನೋಡಿ ನೋಡಿ ತಾವೇ ಕೋಚ್ ಎಂದುಕೊಂಡವರು. ಡಬ್ಬಿಯ ಮುಚ್ಚಳದ ಮೇಲೆ ಚಿತ್ರಾನ್ನದ ಶೇಂಗಾ ಆರಿಸಿ ಐದು ಆ ಕಡೆ, ಐದು ಈ ಕಡೆ ಇಟ್ಟರು.

"ನೋಡಿ, ಇದು ನಿಮ್ಮ ಮಗಳು," ಎಂದು ನಡುವಿನ ಶೇಂಗಾ ತೋರಿಸಿದರು. "ಇವಳದ್ದು ಎಲ್ಲಾ ಶಾರ್ಟ್ ಪಾಸ್. ಫೈನಲ್ ಟೀಮ್‌ನವ್ರು ಇದನ್ನ ಸ್ಟಡಿ ಮಾಡ್ಕೊಂಡೇ ಬಂದಿರ್ತಾರೆ. ಹೀಗೆ ಹತ್ರ ಹತ್ರ ಮುತ್ಕೊಂಡ್ರೆ ಏನ್ ಮಾಡ್ತಾಳೆ? ಉದ್ದಕ್ಕೆ ಎಸೆಯೋಳು ಬೇಕು."

"ಎಸೆದ್ರೆ ಆಯ್ತಾ ಅಂಕಲ್? ಯಾರಿಗೆ ಅಂತ ಗೊತ್ತಿರ್ಬೇಕಲ್ಲ," ಎಂದೆ.

"ಅದನ್ನ ಕಲೀಬಹುದು. ತೋಳು ಕಲಿಯೋಕಾಗಲ್ಲ."

"ಎಡ ಬಲ ಮೂರು ವರ್ಷದ ಮಗು ಕಲಿಯುತ್ತೆ. ಇವಳಿಗೆ ಇಪ್ಪತ್ತಾಯ್ತು."

ನಾನು ದನಿ ತಗ್ಗಿಸಲಿಲ್ಲ. ಅಂಕಲ್ ಹೆಂಡತಿ ನನ್ನ ಮೊಣಕೈ ಚಿವುಟಿದರು. ತಿರುಗಿ ನೋಡಿದರೆ ಲಿಫ್ಟಿನ ಬಳಿ ಚಿಕ್ಕವಳು, ಪ್ರಾಕ್ಟೀಸಿನಿಂದ ಬಂದವಳು, ಬೆನ್ನಿಗೆ ಬ್ಯಾಗು. ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಹೋಗದೆ ನಿಂತಿದ್ದಳು. ಆಮೇಲೆ ತಲೆತಗ್ಗಿಸಿ ಹೋದಳು. ಅಂಕಲ್ ಗಲಿಬಿಲಿಯಲ್ಲಿ ನನ್ನ ಮಗಳಾಗಿ ಇಟ್ಟಿದ್ದ ಶೇಂಗಾವನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು.

ಅಷ್ಟರಲ್ಲಾಗಲೇ ನನ್ನ ಮಾತಿಗೆ ಕಾಲು ಬಂದಿತ್ತು. ಯಾರದೋ ಮನೆಯ ಮಕ್ಕಳು ಅದನ್ನು ಹಾಡಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. ಚಿಕ್ಕವಳಿಗೆ 'ಎಡಬಲ ಅಕ್ಕ' ಎಂದು ಹೆಸರು ಬಿದ್ದಿತ್ತು. ಇದನ್ನು ನನಗೆ ಹೇಳಿದ್ದು ನನ್ನ ಮಗಳು, ಅದೂ ಬಾಗಿಲು ದಡಾರನೆ ಹಾಕಿಕೊಳ್ಳುತ್ತ.

"ಅಮ್ಮ, ಆ ವಾಯ್ಸ್ ಮೆಸೇಜ್ ಯಾಕೆ ಹಾಕ್ದೆ? ಯಾರ್ ಕೇಳಿದ್ರು ನಿನ್ನ?"

"ನಿನಗಾಗಿ ಹಾಕಿದ್ದು."

"ನಂಗಾಗಿ ಏನೂ ಹಾಕ್ಬೇಡ ಲಾ, ಪ್ಲೀಸ್."

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ ನನ್ನನ್ನೇ ಕೇಳಿದ, "ಭಾನುವಾರ ಆಡಾಕಿ ನೀನೋ, ಅಕೀನೋ?" ಅವತ್ತು ಅವನಿಗೆ ಚಹಾ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಸೊಪ್ಪು ತರಲು ಹೋದವಳು ವಾಪಸು ಬರುವಾಗ, ಟಪಾಲು ಡಬ್ಬಿಗಳ ಹತ್ತಿರ ಗೆಳತಿಯ ದನಿ ಕೇಳಿ ಕಂಬದ ಹಿಂದೆ ನಿಂತುಬಿಟ್ಟೆ. ಐದು ದಿನದಿಂದ ಎದುರಾದರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದವಳು ನಾನು. ಕಂಬದ ಹಿಂದೆ ಅಡಗುವಷ್ಟಕ್ಕೆ ಬಂದಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಕದಲಲಿಲ್ಲ. ಅವಳು ನೆಲಕ್ಕೆ ಕುಕ್ಕರಿಸಿ ಕೂತು, ಮೀನಿನ ತಲೆ ಹಾಕಿದ ತಟ್ಟೆ ಮುಂದಿಟ್ಟುಕೊಂಡು ಬ್ಲಾಕಿನ ಬೆಕ್ಕನ್ನು ಕರೆಯುತ್ತಿದ್ದಳು.

"ಬಲ, ಬಲ, ಬಲ."

ಬೆಕ್ಕು ಸೈಕಲ್ ಸ್ಟ್ಯಾಂಡಿನಿಂದ ಎದ್ದು ಮೈಮುರಿದು ಬಂತು. ಈ ಸದ್ದನ್ನು ಅವಳ ಮನೆಯಲ್ಲಿ ಎಷ್ಟು ವರ್ಷದಿಂದ ಕೇಳಿದ್ದೇನೆ! ನಾವು 'ಚೂ ಚೂ' ಎನ್ನುವುದಿಲ್ಲವೆ, ಅಂಥದ್ದೇನೋ ಎಂದುಕೊಂಡಿದ್ದೆ. ಆಗ ಲಿಫ್ಟು ತೆರೆದು ಚಿಕ್ಕವಳು ಹೊರಗೆ ಬಂದಳು; ಅಮ್ಮನನ್ನು ಕಾಣದೆ ಆಚೀಚೆ ನೋಡಿದಳು. ಗೆಳತಿ ಬೆಕ್ಕಿನಿಂದ ಕಣ್ಣು ತೆಗೆಯದೆ, ಸ್ವಲ್ಪ ಗಟ್ಟಿಯಾಗಿ, "ಬಲ!" ಎಂದಳು.

ಚಿಕ್ಕವಳು ಗಕ್ಕನೆ ತಿರುಗಿ ನೆಟ್ಟಗೆ ಅಮ್ಮನ ಕಡೆಗೆ ಬಂದಳು.

ಅದೇ ತಿರುವು. ಅದೇ ನಾಲ್ಕು ಹೆಜ್ಜೆ. ಸೆಮಿಫೈನಲ್‌ನಲ್ಲಿ ನನ್ನ ಕಣ್ಣಾರೆ ಕಂಡದ್ದು. ಅವರ ಮನೆಯಲ್ಲಿ ಆಡುವುದು ತುಳು. ನಮ್ಮೆದುರು ಮರ್ಯಾದೆಗೆ ಕನ್ನಡ ಆಡುತ್ತಾರೆ. ತುಳುವಿನಲ್ಲಿ 'ಬಲ' ಅಂದರೆ 'ಬಾ' ಎಂದು ಆಗ ಹೊಳೆಯಿತು. ತೊಟ್ಟಿಲಲ್ಲಿದ್ದಾಗಿನಿಂದ ಆ ಹುಡುಗಿಯನ್ನು ಕರೆದದ್ದು ಆ ಮಾತಿನಿಂದ. ಪ್ರಾಕ್ಟೀಸಿನಲ್ಲಿ, ತಲೆ ತಣ್ಣಗಿದ್ದಾಗ, ಅದು ಅವಳಿಗೆ ಬಲಗಡೆಯೇ ಆಗಿತ್ತು; ಪಂದ್ಯದ ಗಾಬರಿಯಲ್ಲಿ ಅಕ್ಕ ಕಿರುಚಿದಾಗ ಅದು ಮನೆಯ ಮಾತಾಯಿತು. ಅಕ್ಕ ಕರೆದಳು, ಬಂದಳು. ಬುಕಿತ್ ಬಾಟೋಕಿನ ಬೆಕ್ಕಿಗೆ ತಿಳಿದ ಮಾತು ಇಷ್ಟು ವರ್ಷ ಅವರ ಮನೆ ಕಾಫಿ ಕುಡಿದ ನನಗೆ ತಿಳಿದಿರಲಿಲ್ಲ. 'ಮೊದ್ಲ ಮನ್ಯಾಗ ಕಲಸ್ರಿ' ಎಂದು ಬೇರೆ ಹೇಳಿದ್ದೆ.

ಆಗಲೇ ಕಂಬದ ಹಿಂದಿನಿಂದ ಹೊರಗೆ ಬರಬೇಕಿತ್ತು. ಬರಲಿಲ್ಲ. ನಾನು ಬಾಯಿಬಿಟ್ಟರೆ ಚಿಕ್ಕವಳ ಮೇಲಿನ ದೂರು ಇಲ್ಲವಾಗುತ್ತದೆ. ಉಳಿಯುವುದು ಅವಳ ತೋಳು. ಕೋಚ್ ಅವಳಿಗೇ ಆಟ ಕೊಡುತ್ತಾರೆ, ನನ್ನ ಮಗಳು ಕೊನೆಯ ಪಂದ್ಯ ಶುರುವಾಗುವಾಗ ಮೊದಲ ವರ್ಷದ ಹಾಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಒಂದು ದಿನದ ಮಾತು, ಭಾನುವಾರ ಕಳೆದ ಮೇಲೆ ಹೇಳಿದರಾಯಿತು, ಕಾಲು ಹಿಡಿದು ಕ್ಷಮೆ ಕೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಬ್ಬರೂ ಲಿಫ್ಟು ಹತ್ತಿ ಹೋಗುವ ತನಕ ಅಲ್ಲೇ ನಿಂತಿದ್ದೆ. ಮಧ್ಯಾಹ್ನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಭಾನುವಾರ ಜುರಾಂಗ್ ವೆಸ್ಟ್ ಮೈದಾನ. ಹುಡುಗಿಯರು ವಾರ್ಮ್ ಅಪ್ ಮುಗಿಸಿದ್ದರು. ಇನ್ನೇನು ಆಟ ಶುರು ಎನ್ನುವಾಗ ಸಿಡಿಲಿನ ಎಚ್ಚರಿಕೆಯ ಸೈರನ್ ಮೊಳಗಿತು, ಕಂಬದ ಮೇಲಿನ ದೀಪ ಮಿನುಗಲು ಹತ್ತಿತು. ಎಲ್ಲರೂ ಸೂರಿನಡಿ ಓಡಿದೆವು. ದೀಪ ಆರುವ ತನಕ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಮಳೆ ಒಂದು ಹನಿ ಇಲ್ಲ. ಬರೀ ಕಪ್ಪು ಮೋಡ, ಮೈಗಂಟುವ ಸೆಕೆ. ಗೆಳತಿ ಆ ತುದಿಯ ಬೆಂಚಿನಲ್ಲಿ ನನಗೆ ಬೆನ್ನು ಮಾಡಿ ಕೂತಳು. ಚಿಕ್ಕವಳು ಒಬ್ಬಳೇ ಗೋಡೆಗೊರಗಿ, ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು. ಎಡಗೈ, ಬಲಗೈ. ತುಟಿ ಅಲ್ಲಾಡುತ್ತಿತ್ತು. ನನ್ನಿಂದ ಆ ಕಡೆ ನೋಡಲಾಗಲಿಲ್ಲ.

ನನ್ನ ಮಗಳು ಬಂದು ಪಕ್ಕದಲ್ಲಿ ಕೂತಳು. ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಮೆಲ್ಲಗೆ ಹೇಳಿದಳು.

"ನಂಗೇ ಕೊಡ್ತಾರೆ ಅನ್ಸುತ್ತೆ ಅಮ್ಮ. ಅವ್ಳು ಈ ವಾರ ಪೂರ್ತಿ ಬ್ಲ್ಯಾಂಕ್ ಆಗ್ತಿದಾಳೆ. ಎಡ ಬಲ ಅಂದ ತಕ್ಷಣ ನಿಂತೇಬಿಡ್ತಾಳೆ. ಕೋಚ್ ಕೂಡ ಕೈಬಿಟ್ಟ ಹಾಗಿದೆ."

ವಾರವಿಡೀ ಕಾದದ್ದು ಈ ಮಾತಿಗೇ. ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಹುಡುಗಿ ನಿಂತಲ್ಲೇ ನಿಲ್ಲುವ ಹಾಗೆ ಮಾಡಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮಗಳು ಮುಂದುವರಿಸಿದಳು. "ಒಂದೇ ಒಂದು ಅರ್ಥ ಆಗ್ತಿಲ್ಲ. ಅವತ್ತು ಯಾಕೆ ನನ್ ಹತ್ರ ಓಡಿ ಬಂದ್ಲು?"

ಸೈರನ್ ನಿಂತಿತ್ತು, ದೀಪ ಇನ್ನೂ ಮಿನುಗುತ್ತಿತ್ತು. ಸುಮ್ಮನಿರು, ಐದು ನಿಮಿಷ ಸುಮ್ಮನಿರು ಸಾಕು ಎಂದು ಒಳಗಿನಿಂದ ಯಾರೋ ಗದರಿಸುತ್ತಿದ್ದ ಹಾಗಿತ್ತು.

"ನೀನು ಕರೆದೆ, ಅದಕ್ಕೆ ಬಂದಳು," ಎಂದೆ.

"ಏನು?"

"ತುಳುನಲ್ಲಿ ಬಲ ಅಂದ್ರೆ ಬಾ ಅಂತ."

ಬಾಟಲಿ ಅವಳ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ನಿಧಾನವಾಗಿ ಮುಚ್ಚಳ ತಿರುಗಿಸಿದಳು.

"ನಿಂಗ್ ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ."

"ನಿನ್ನೆ ಬೆಳಿಗ್ಗೆಯಿಂದ ಸುಮ್ನೆ ಇದ್ಯಾ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಎದ್ದು ನೇರ ಕೋಚ್ ಹತ್ತಿರ ಹೋದಳು. ಅವಳು ಕೈಯಾಡಿಸಿ ಹೇಳುವುದು, ಅವರು ಹಣೆ ಹಣೆ ಬಡಿದುಕೊಳ್ಳುವುದು ಇಲ್ಲಿಂದ ಕಾಣಿಸುತ್ತಿತ್ತು. ಆಮೇಲೆ ಇಡೀ ತಂಡ ಚಿಕ್ಕವಳ ಸುತ್ತ ನೆರೆಯಿತು. ಆ ಹುಡುಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಬಲಕ್ಕೆ ಬೇರೆ ಮಾತು ಬೇಕಾಯಿತು. "ಊಟ ಅನ್ನೋಣ ಅಕ್ಕ, ಊಟದ ಕೈ," ಎಂದಳು ಅವಳೇ. ಚಿಕ್ಕಂದಿನಲ್ಲಿ ನಾನೇ ಇಬ್ಬರಿಗೂ ಹಾಗೆ ಕಲಿಸಿದ್ದೆ, ಊಟ ಮಾಡುವ ಕೈ ಬಲಗೈ ಎಂದು. ಬಲಗೈಯನ್ನು ಬಾಯಿಗೆ ಒಯ್ದು ತೋರಿಸಿದಾಗ ಮಲಯ್ ಹುಡುಗಿಗೆ ತಟ್ಟನೆ ತಿಳಿಯಿತು, ಅವರ ಮನೆಯಲ್ಲೂ ಅದೇ ಕೈ. ಇನ್ನು ಹಿಂದೆ ಕರೆಯಬೇಕಾದರೆ 'ಬಾ'. ಬಲ ಎಂಬ ಮಾತೇ ಬೇಡ ಎಂದು ಎಲ್ಲರೂ ಒಪ್ಪಿದರು.

ಗೆಳತಿ ತಿರುಗಿ ನನ್ನನ್ನು ನೋಡಿದಳು. ಬಂದು ಎರಡು ಮಾರು ದೂರದಲ್ಲಿ ನಿಂತಳು.

"ನಂಗೆ ಅವತ್ತೇ ಗೊತ್ತಾಗಿತ್ತು," ಎಂದಳು.

"ಹೇಳಬಾರದಿತ್ತಾ?"

"ಎಂತ ಹೇಳೂದು ಮಾರಾಯ್ರೆ? ಮನೆಯಲ್ಲಿ ಕಲಿಸಿ ಅಂದ್ರಿ. ಮನೆಯಲ್ಲಿ ಕಲಿಸಿದ್ದೇ ಅದು. ಹೇಳಿದ್ರೆ ನೆವ ಹೇಳ್ತಿದಾಳೆ ಅಂತಿದ್ರಿ."

"ಹೌದು, ಅಂತಿದ್ದೆ," ಎಂದೆ. ಸುಳ್ಳು ಹೇಳಲು ಆ ಹೊತ್ತಿನಲ್ಲಿ ನನ್ನಿಂದಾಗಲಿಲ್ಲ. ಅವಳು ನಾನು ಹಾಸಿದ್ದ ಚಾಪೆಯ ಆ ತುದಿಯಲ್ಲಿ ಕೂತಳು.

ದೀಪ ಆರಿತು. ಕೋಚ್ ಹೆಸರು ಹೇಳಿದರು. ಆಟ ಶುರು ಮಾಡುವವಳು ಚಿಕ್ಕವಳು.

ದೊಡ್ಡತನ ತೋರಿಸಿದೆ ಎಂದುಕೊಳ್ಳಬೇಡಿ. ನನ್ನ ಮಗಳು ಬೆಂಚಿನ ತುದಿಯಲ್ಲಿ ಕೂತು ಸುಮ್ಮಸುಮ್ಮನೆ ಶೂ ಲೇಸು ಬಿಚ್ಚಿ ಕಟ್ಟುವುದನ್ನು ನೋಡಿ, ಯಾಕಾದರೂ ಬಾಯಿಬಿಟ್ಟೆನೋ ಎಂದು ಹಲ್ಲು ಕಡಿದೆ. ಸಲ್ಲದ ಹೊತ್ತಿನಲ್ಲಿ ಆಡಿ ಒಬ್ಬಳನ್ನು ಕೆಡಿಸಿದ್ದೆ, ಆಡಬೇಕಾದ ಹೊತ್ತಿನಲ್ಲಿ ಆಡಿ ನನ್ನವಳನ್ನೇ ಕೂರಿಸಿದ್ದೆ. ಪಕ್ಕದಲ್ಲಿ ದಾವಣಗೆರೆ ಅಂಕಲ್ "ನಾ ಹೇಳಿರ್ಲಿಲ್ವಾ?" ಎಂದು ಶುರು ಮಾಡಿದರು. ನಾನು ನೋಡಿದ ನೋಟಕ್ಕೆ ಡಬ್ಬಿ ಮುಚ್ಚಿಟ್ಟರು.

ಚಿಕ್ಕವಳು ಚೆನ್ನಾಗಿ ಆಡಿದಳು. "ಊಟ! ಊಟ!" ಎಂದು ಕೂಗಿ ಒಂದು ಎಸೆತ ಎಸೆದಳು ನೋಡಿ, ಚೆಂಡು ಎಲ್ಲರ ತಲೆಯ ಮೇಲೆ ಹಾದು ಆ ತುದಿಯ ಹುಡುಗಿಯ ಕೈಯಲ್ಲಿ ಕೂತಿತು. ಆದರೆ ಎದುರಾಳಿಗಳೂ ಕಡಿಮೆಯವರಲ್ಲ. ಅರ್ಧ ಆಟ ಮುಗಿದ ಮೇಲೆ ಕೋಚ್ ನನ್ನ ಮಗಳನ್ನು ಓಡುವವಳಾಗಿ ಇಳಿಸಿದರು. ನಾನು ಚಾಪೆಯಿಂದ ಎದ್ದು ನಿಂತವಳು ಮತ್ತೆ ಕೂರಲಿಲ್ಲ.

ಕೊನೆಯ ಒಂದು ಅವಕಾಶ ಉಳಿದಿತ್ತು. ನಾವು ಸ್ವಲ್ಪ ಹಿಂದಿದ್ದೆವು. ಗೆರೆ ದಾಟಿದರೆ ಗೆದ್ದ ಹಾಗೆ, ಇಲ್ಲದಿದ್ದರೆ ಮುಗಿಯಿತು. ಗೆರೆ ಹತ್ತೇ ಹೆಜ್ಜೆ ದೂರ. ಚೆಂಡು ಚಿಕ್ಕವಳ ಕೈಗೆ ಬಂತು. ನನ್ನ ಮಗಳು ಮುಂದೆ ಓಡಿದಳು. ಎದುರಾಳಿಗಳಿಬ್ಬರು ಚಿಕ್ಕವಳ ಮೇಲೆ ಮುಗಿಬಿದ್ದರು. ಉದ್ದ ಎಸೆಯಲು ಅವಳಿಗೆ ಕೈ ಬೀಸುವಷ್ಟೂ ಜಾಗವಿರಲಿಲ್ಲ. ಹತ್ತಿರಕ್ಕೆ ಯಾರಾದರೂ ಬರಬೇಕಿತ್ತು. ಅವಳ ಕಣ್ಣು ಅಕ್ಕನನ್ನು ಹುಡುಕಿದ್ದು, ಸಿಕ್ಕಿದ್ದು, ಎಲ್ಲವೂ ನನಗೆ ಕಾಣಿಸಿತು.

"ಅಕ್ಕಾ, ಬಲ!" ಎಂದು ಕಿರುಚಿದಳು.

ಚೆಂಡು ಬಿಟ್ಟದ್ದು ತನ್ನ ಮುಂದಕ್ಕೆ, ಅಕ್ಕ ಓಡಿ ಬಂದರೆ ಸಿಗುವ ಜಾಗಕ್ಕೆ. ನನ್ನ ಮಗಳು ಮೂರು ವರ್ಷ ಬಾಯಾರೆ ಕೂಗಿದ ಮಾತು ಅದು. ಒಂದು ಗಳಿಗೆಯೂ ಅನುಮಾನಿಸದೆ ಬಲಕ್ಕೆ ಓಡಿದಳು. ಚೆಂಡು ಖಾಲಿ ಹುಲ್ಲಿನ ಮೇಲೆ ಬಿತ್ತು, ಒಂದು ಸಲ ಪುಟಿಯಿತು, ಸೀಟಿ ಊದಿದರು.

ಸೋತೆವು. ಆ ಕಡೆಯವರು ಕುಣಿದಾಡುತ್ತಿದ್ದರು. ನನ್ನ ಮಗಳು ಬಲಗಡೆಯ ಮೂಲೆಯಲ್ಲಿ, ಚೆಂಡು ಬಾರದ ಜಾಗದಲ್ಲಿ ಮಂಡಿಯೂರಿ ಕೂತಿದ್ದಳು. ಏನಾಯಿತೆಂದು ಅವಳಿಗೆ ಆಗಷ್ಟೇ ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚಾಪೆಯ ಆ ತುದಿಯಿಂದ ಗೆಳತಿ ಎದ್ದಳು. ಎಡ ಬಲ ಗೊತ್ತಿಲ್ಲವಾ ಎಂದು ಕೇಳುವ ಹಕ್ಕು ಈಗ ಅವಳದಿತ್ತು. ಕೇಳಲಿ, ಇಡೀ ಮೈದಾನಕ್ಕೆ ಕೇಳಿಸುವ ಹಾಗೆ ಕೇಳಲಿ ಎಂದು ಕಾದೆ.

ಅವಳು ಗೆರೆಯ ತನಕ ಹೋಗಿ ಎರಡೂ ಕೈ ಚಾಚಿದಳು.

"ಬಲ," ಎಂದಳು, ನನ್ನ ಮಗಳಿಗೆ. "ಬಲ, ಬಲ."

ನನ್ನ ಮಗಳು ತಲೆ ಎತ್ತಿದಳು. ಎದ್ದಳು. ಈ ಸಲ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ನೆಟ್ಟಗೆ ಓಡಿ ಬಂದು ಅವಳ ಹೆಗಲಿಗೆ ಮುಖ ಒತ್ತಿ ಬಿಕ್ಕತೊಡಗಿದಳು. ಗೆಳತಿ ಅವಳ ಬೆನ್ನು ಸವರುತ್ತ ತುಳುವಿನಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ ಒಂದಕ್ಷರ ತಿಳಿಯಲಿಲ್ಲ.

ಮೈದಾನದ ನಡುವೆ ಚಿಕ್ಕವಳು ಒಬ್ಬಳೇ ನಿಂತಿದ್ದಳು. ನಾನು ಚಪ್ಪಲಿ ಕಳಚಿ ಹುಲ್ಲಿಗಿಳಿದೆ. ಹತ್ತಿರ ಹೋಗುತ್ತಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಅದನ್ನು ನಾನು ಮರೆಯಲಾರೆ. ಕಿಂಡರ್‌ಗಾರ್ಟನ್‌ನಿಂದ ಕೈಹಿಡಿದು ಕರೆತಂದ ಹುಡುಗಿ ನನಗೆ ಹೆದರಿ ಹಿಂದೆ ಸರಿದಿದ್ದಳು.

"ಸಾರಿ ಆಂಟಿ. ಬಾ ಅನ್ಬೇಕಿತ್ತು. ಟೆನ್ಶನ್‌ನಲ್ಲಿ ಬಂದ್ಬಿಡ್ತು. ರಾಂಗ್ ವರ್ಡ್ ಹೇಳ್ದೆ," ಎಂದಳು. ಮುಖದ ತುಂಬ ಬೆವರು, ಕಣ್ಣೀರು.

ಅವಳ ಎರಡೂ ಕೈ ಹಿಡಿದೆ. ಎಡಗೈ, ಬಲಗೈ. ನನಗೂ ಬ್ಯಾರೆ ಮಾತು ಬರಲಿಲ್ಲ, ಬಂದದ್ದು ಗದಗಿನದೇ.

"ಇಲ್ಲವ್ವ. ನೀ ಕರದದ್ದು ಬರೋಬ್ಬರಿ ಇತ್ತು. ಅವತ್ತೂ ನೀ ಬಂದದ್ದು ಬರೋಬ್ಬರಿ ಇತ್ತು. ಗೊತ್ತಿಲ್ಲದಾಕಿ ನಾನು. ತಪ್ಪಾತು ನಂದು."

ಮೂಗೊರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು. ಅರ್ಥವಾಗಿರಲಿಲ್ಲ.

"ಬರೋಬ್ಬರಿ ಅಂದ್ರೆ ಏನ್ ಆಂಟಿ?"

"ರೈಟ್," ಎಂದೆ.

ಅವಳು ಅಳುತ್ತಳುತ್ತಲೇ ನಗು ತಡೆಯಲಾಗದೆ ನನ್ನ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಯ್ಯೋ ಆಂಟಿ, ಇನ್ನೊಂದು ರೈಟ್ ಬೇಡ ಲಾ!"